ಮರದ ಬಿರಡೆ: ಸ್ಕ್ರೂ ಮರೆಸುವ ಕುಶಲಕರ್ಮ

ಮರಗೆಲಸದಲ್ಲಿ ಸ್ಕ್ರೂವಿನ ತಲೆ ಹೊರಗೆ ಕಾಣದಂತೆ ಅದರ ಮೇಲಿನ ಗುಳಿಯನ್ನು ಮುಚ್ಚುವ ಸಣ್ಣ ಮರದ ತುಂಡೇ ಬಿರಡೆ. ಇಂದಿನ ಬಡಗಿಗಳ ಬಾಯಲ್ಲಿ ಇದು ಪ್ಲಗ್. ಇಂಗ್ಲೆಂಡ್, ಅಮೆರಿಕಗಳಲ್ಲಿ ದೋಣಿ ಕಟ್ಟುವವರು ಬಂಗ್ ಎನ್ನುತ್ತಾರೆ. ಹೆಚ್ಚಿನ ಬಿರಡೆಗಳು ದುಂಡಗಿರುತ್ತವೆ. ಅಡ್ಡಳತೆ 6ರಿಂದ 12 ಮಿಲಿಮೀಟರ್, ಎತ್ತರ ಅಷ್ಟೇ ಅಥವಾ ತುಸು ಕಡಿಮೆ. ಚೌಕ ಬಿರಡೆಗಳೂ ಉಂಟು. ಸ್ಕ್ರೂವನ್ನು ಹಲಗೆಯ ಮಟ್ಟಕ್ಕಿಂತ ಕೆಳಗೆ ಇಳಿಸಿ, ಮೇಲುಳಿದ ಗುಳಿಗೆ ಅಂಟು ಸವರಿ, ಬಿರಡೆ ಬಡಿದು, ಹೊರಗೆ ನಿಂತ ಭಾಗವನ್ನು ಕತ್ತರಿಸಿ ಮಟ್ಟ ಮಾಡಿದರೆ ಕೆಲಸ ಮುಗಿಯಿತು. ಹೇಳಲು ಇಷ್ಟೇ. ಆದರೆ ಬಿರಡೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾಗದ ಮೇಜಿಗೂ, ದೂರದಿಂದಲೇ ತೇಪೆ ಕಾಣುವ ಮೇಜಿಗೂ ಇರುವ ಅಂತರವೆಲ್ಲ ಮರದ ಎಳೆ, ಮರದ ತೇವ ಮತ್ತು ಉಳಿ ಹಿಡಿಯುವ ದಿಕ್ಕು ಈ ಮೂರರಲ್ಲಿದೆ.

ಸ್ಕ್ರೂವನ್ನು ಮುಚ್ಚುವುದು ಅಂದಕ್ಕೆ ಮಾತ್ರವಲ್ಲ. ತೆರೆದ ಗುಳಿಯಲ್ಲಿ ನೀರು ನಿಲ್ಲುತ್ತದೆ, ಕಬ್ಬಿಣದ ತಲೆ ತುಕ್ಕು ಹಿಡಿಯುತ್ತದೆ. ಓಕ್‌ನಂತಹ ಮರಗಳಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಸುತ್ತಲೂ ನೀಲಿಗಪ್ಪು ಕಲೆ ಮಾಡುತ್ತದೆ. ಬೆಂಚಿನ ಮೇಲೆ ಕೂರುವವರ ಬಟ್ಟೆಗೆ, ಹಡಗಿನ ಡೆಕ್ಕಿನ ಮೇಲೆ ಬರಿಗಾಲಲ್ಲಿ ನಡೆಯುವವರ ಅಂಗಾಲಿಗೆ ಲೋಹ ತಾಗಬಾರದು. ಬಿಸಿಲಿಗೆ ಕಾದ ಸ್ಕ್ರೂ ತಲೆ ಚುರುಕು ಮುಟ್ಟಿಸುತ್ತದೆ. ಹೀಗೆ ಬಿರಡೆ ಏಕಕಾಲಕ್ಕೆ ಮುಚ್ಚಳವೂ ಹೌದು, ರಕ್ಷೆಯೂ ಹೌದು.

ಗೂಟದಿಂದ ಬಿರಡೆಗೆ

ಲೋಹದ ಸ್ಕ್ರೂ ಬರುವ ಮೊದಲು ಮರವನ್ನು ಮರವೇ ಹಿಡಿದಿಡುತ್ತಿತ್ತು. ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಇಂದಿನ ಟರ್ಕಿಯ ಕಡಲತೀರದ ಬಳಿ ಮುಳುಗಿದ ಉಲುಬುರುನ್ ಹಡಗಿನ ಅವಶೇಷಗಳು 1982ರಲ್ಲಿ ಪತ್ತೆಯಾದವು. ಆ ಹಡಗಿನ ದೇವದಾರು ಜಾತಿಯ ಹಲಗೆಗಳ ನಡುವೆ ಮರದ ನಾಲಿಗೆ ಕೂರಿಸಿ, ಅದು ಜಾರದಂತೆ ಅಡ್ಡಲಾಗಿ ಓಕ್ ಗೂಟ ಬಡಿದಿದ್ದರು. ಯೂರೋಪಿನ ಮರದ ಮನೆಗಳ ಚೌಕಟ್ಟು, ಹಡಗುಗಳ ಪಕ್ಕೆಹಲಗೆ, ನಮ್ಮ ಹಳೆಯ ಮನೆಗಳ ಬಾಗಿಲುವಾಡ, ಎಲ್ಲ ಕಡೆಯೂ ಇದೇ ಪದ್ಧತಿ. ಅಲ್ಲಿ ಗೂಟದ ತಲೆ ಹೊರಗೆ ಕಂಡರೆ ಯಾರೂ ಅದನ್ನು ಕುಂದೆಂದು ಭಾವಿಸುತ್ತಿರಲಿಲ್ಲ. ಭಾರ ಹೊರುತ್ತಿದ್ದುದೇ ಅದು.

ಸ್ಕ್ರೂ ಅಗ್ಗವಾದ ಮೇಲೆ ಗೂಟದ ಕೆಲಸ ಬದಲಾಯಿತು. ಹದಿನೆಂಟನೆಯ ಶತಮಾನದವರೆಗೂ ಮರಕ್ಕೆ ಹಾಕುವ ಸ್ಕ್ರೂಗಳ ಸುರುಳಿಯನ್ನು ಕೈಯಲ್ಲಿ ಅರದಿಂದ ಉಜ್ಜಿ ಮಾಡಬೇಕಿತ್ತು. 1760ರಲ್ಲಿ ಇಂಗ್ಲೆಂಡಿನ ಜಾಬ್ ಮತ್ತು ವಿಲಿಯಂ ವ್ಯಾಟ್ ಸೋದರರು ಸ್ಕ್ರೂ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಆಗಲೂ ಸ್ಕ್ರೂವಿನ ತುದಿ ಮೊಂಡಾಗಿಯೇ ಇತ್ತು. ಬೈರಿಗೆಯಿಂದ ಪೂರ್ತಿ ಆಳಕ್ಕೆ ತೂತು ಕೊರೆಯದೆ ಅದು ಒಳಗೆ ಹೋಗುತ್ತಿರಲಿಲ್ಲ. ಅಮೆರಿಕದ ಥಾಮಸ್ ಸ್ಲೋನ್ 1846ರಲ್ಲಿ ಚೂಪು ತುದಿಯ ಸ್ಕ್ರೂ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1854ರಲ್ಲಿ ಅದರ ಬ್ರಿಟಿಷ್ ಹಕ್ಕನ್ನು ಬರ್ಮಿಂಗ್‌ಹ್ಯಾಮಿನ ನೆಟ್ಲ್‌ಫೋಲ್ಡ್ ಮತ್ತು ಚೇಂಬರ್ಲಿನ್ ಕುಟುಂಬಗಳು ಕೊಂಡವು. ಮುಂದೆ ಬ್ರಿಟನ್ನಿನ ವಸಾಹತು ಸಚಿವನಾದ ಜೋಸೆಫ್ ಚೇಂಬರ್ಲಿನ್ ಹಣ ಸಂಪಾದಿಸಿದ್ದು ಈ ಸ್ಕ್ರೂ ಕಾರ್ಖಾನೆಯಲ್ಲೇ. ನೆಟ್ಲ್‌ಫೋಲ್ಡ್ ಎಂಬ ಹೆಸರು ಭಾರತದ ಬಡಗಿಗಳಿಗೂ ಪರಿಚಿತ. ಗೆಸ್ಟ್ ಕೀನ್ ವಿಲಿಯಮ್ಸ್ ಕಂಪನಿಯ ಸ್ಕ್ರೂ ಪೆಟ್ಟಿಗೆಗಳ ಮೇಲೆ ಅದು ಬಹುಕಾಲ ಇತ್ತು.

ಸ್ಕ್ರೂ ಹೀಗೆ ಎಲ್ಲರ ಕೈಗೆ ಎಟುಕಿದಾಗ ಜೋಡಣೆ ಬೇಗ ಆಗತೊಡಗಿತು, ಆದರೆ ಸೀಳುತಲೆಯ ಲೋಹದ ಬೊಟ್ಟುಗಳು ಪೀಠೋಪಕರಣದ ಮುಖದ ಮೇಲೆ ಬಂದು ಕೂತವು. ಅವನ್ನು ಮರೆಸಲು ಬಡಗಿ ಹಳೆಯ ಗೂಟದ ರೂಪವನ್ನೇ ಮತ್ತೆ ಎತ್ತಿಕೊಂಡ. ಅಮೆರಿಕದ ಹಳೆಯ ಮಾದರಿಯ ಅಗಲ ಹಲಗೆಯ ನೆಲಹಾಸಿನಲ್ಲಿ ಇಂದಿಗೂ ಪ್ರತಿ ಹಲಗೆಯ ತುದಿಯಲ್ಲಿ ಎರಡು ಮೂರು ದುಂಡು ಬಿರಡೆಗಳು ಕಾಣುತ್ತವೆ. ನೋಡುವವರಿಗೆ ಮರದ ಗೂಟ, ಕೆಳಗಿರುವುದು ಉಕ್ಕಿನ ಸ್ಕ್ರೂ.

ಎಳೆಯ ಲೆಕ್ಕ

ಹೊಸಬರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಅಂಗಡಿಯಲ್ಲಿ ಸಿಗುವ ದುಂಡು ಕೋಲಿನಿಂದ, ಅಂದರೆ ಡೋವೆಲ್‌ನಿಂದ, ಸಣ್ಣ ಚೂರು ಕತ್ತರಿಸಿ ಗುಳಿಗೆ ತುಂಬುವುದು. ಡೋವೆಲ್‌ನಲ್ಲಿ ಎಳೆ ಕೋಲಿನ ಉದ್ದಕ್ಕೆ ಓಡುತ್ತದೆ. ಅದನ್ನು ನಿಲ್ಲಿಸಿ ಬಡಿದಾಗ ಮೇಲೆ ಕಾಣುವುದು ಎಳೆಗಳ ಅಡ್ಡಕೊಯ್ತ. ಮರದ ಸೂಕ್ಷ್ಮ ನಾಳಗಳ ಬಾಯಿಗಳೆಲ್ಲ ಅಲ್ಲಿ ತೆರೆದಿರುವುದರಿಂದ ಎಣ್ಣೆ, ಬಣ್ಣ, ಪಾಲಿಶ್ ಯಾವುದನ್ನು ಹಚ್ಚಿದರೂ ಸುತ್ತಲಿನ ಹಲಗೆಗಿಂತ ಹೆಚ್ಚು ಹೀರುತ್ತದೆ. ಒಂದೇ ಮರದ್ದಾದರೂ ಆ ಚೂರು ಹಣೆಯ ಬೊಟ್ಟಿನಂತೆ ಕಪ್ಪಾಗಿ ಎದ್ದು ಕಾಣುತ್ತದೆ.

ನಿಜವಾದ ಬಿರಡೆಯನ್ನು ಹಲಗೆಯ ಅಗಲ ಮುಖದಿಂದ ಕೊರೆದು ತೆಗೆಯುತ್ತಾರೆ. ಅದರಲ್ಲಿ ಎಳೆ ಬಿರಡೆಯ ತಲೆಗೆ ಅಡ್ಡವಾಗಿ, ಹಲಗೆಯಲ್ಲಿ ಹೇಗೋ ಹಾಗೆಯೇ ಓಡುತ್ತದೆ. ಗುಳಿಯಲ್ಲಿ ಕೂರಿಸುವಾಗ ಎರಡರ ಎಳೆಯನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ಬೆಳಕು ಎರಡರ ಮೇಲೂ ಒಂದೇ ಬಗೆಯಲ್ಲಿ ಬೀಳುತ್ತದೆ. ಎಳೆ ಹತ್ತಿಪ್ಪತ್ತು ಡಿಗ್ರಿ ತಿರುಚಿದರೂ ಸಾಕು, ಕಿಟಕಿಯ ಬೆಳಕಿಗೆ ಬಿರಡೆ ಒಂದು ಕಡೆಯಿಂದ ನಸುಬಿಳುಪಾಗಿ, ಇನ್ನೊಂದು ಕಡೆಯಿಂದ ಗಾಢವಾಗಿ ಕಾಣುತ್ತದೆ. ಬೀಟೆ, ಮಹಾಗನಿಯಂತಹ ಹೊಳಪಿನ ಮರಗಳಲ್ಲಿ ಈ ದೋಷ ಇನ್ನೂ ಎದ್ದು ತೋರುತ್ತದೆ.

ಎಳೆಗೆ ಇನ್ನೊಂದು ಮಹತ್ವವಿದೆ. ಹವೆಯ ತೇವ ಏರಿಳಿದಂತೆ ಮರ ಉಬ್ಬಿ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಹಸಿ ಮರ ಪೂರ್ತಿ ಒಣಗುವ ಹೊತ್ತಿಗೆ ಉದ್ದಕ್ಕೆ ಕುಗ್ಗುವುದು ಶೇ 0.1ರಿಂದ 0.2 ಮಾತ್ರ. ಬಿಳಿ ಓಕ್ ತಿರುಳಿನಿಂದ ತೊಗಟೆಯತ್ತ ಸುಮಾರು ಶೇ 5.6, ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ 10.5 ಕುಗ್ಗುತ್ತದೆ. ಈಗ ಡೋವೆಲ್ ಚೂರನ್ನು ನೆನೆಯಿರಿ. ಅದು ನಿಂತಿರುವ ದಿಕ್ಕಿನಲ್ಲಿ ಕುಗ್ಗುವುದೇ ಇಲ್ಲ ಎನ್ನಬಹುದು. ಸುತ್ತಲಿನ ಹಲಗೆಯ ದಪ್ಪ ಮಾತ್ರ ಬೇಸಿಗೆಯಲ್ಲಿ ಕಡಿಮೆಯಾಗುತ್ತದೆ. ಮಟ್ಟವಾಗಿದ್ದ ಚೂರು ಆಗ ಬೆರಳಿಗೆ ತಾಗುವಷ್ಟು ಮೇಲೆ ನಿಲ್ಲುತ್ತದೆ. ಹಲಗೆಯ ಮುಖದಿಂದ ತೆಗೆದ ಬಿರಡೆ ಹಲಗೆಯ ಜೊತೆಗೇ ಉಬ್ಬಿ ಅದರ ಜೊತೆಗೇ ಕುಗ್ಗುವುದರಿಂದ ಮಟ್ಟ ಕೆಡುವುದು ಅಪರೂಪ. ತೇಗ ಇಂತಹ ಏರಿಳಿತಕ್ಕೆ ಕಡಿಮೆ ಒಳಗಾಗುವ ಮರ. ದೋಣಿ, ಕಿಟಕಿ, ಬಾಗಿಲುಗಳಿಗೆ ಅದನ್ನು ಆರಿಸುವುದಕ್ಕೆ ಇದೂ ಒಂದು ಕಾರಣ.

ಬಿರಡೆಯ ಮರ ಹಲಗೆಯಷ್ಟೇ ಒಣಗಿರಬೇಕು; ತುಸು ಹೆಚ್ಚು ಒಣಗಿದ್ದರೆ ಇನ್ನೂ ಒಳ್ಳೆಯದು. ಹಸಿ ಮರದ ಬಿರಡೆ ಗುಳಿಯಲ್ಲಿ ಕೂತ ಮೇಲೆ ಒಣಗಿ ಸಣ್ಣದಾಗುತ್ತದೆ, ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆ ಬಿರುಕಿಗೆ ಕೊಳೆ ಸೇರಿ ಕಪ್ಪು ಉಂಗುರ ಮೂಡುತ್ತದೆ.

ಉಪಕರಣಗಳು

ಗುಳಿ ಕೊರೆಯಲು ಚಪ್ಪಟೆ ತಳ, ಚೊಕ್ಕ ಅಂಚು ಕೊಡುವ ಬಿಟ್ ಬೇಕು. ಲೋಹಕ್ಕೆಂದು ಮಾಡಿದ ಸಾದಾ ಬಿಟ್ ಮರದ ಅಂಚನ್ನು ಕೀಳುತ್ತದೆ; ಹರಿದ ಅಂಚಿನ ಗುಳಿಯಲ್ಲಿ ಎಷ್ಟು ಚೆನ್ನಾದ ಬಿರಡೆ ಕೂರಿಸಿದರೂ ಸುತ್ತ ಚಿಂದಿ ಕಾಣುತ್ತದೆ. ಈ ಕೆಲಸಕ್ಕೆ ಹೆಸರಾದುದು ಫೋರ್ಸ್ಟ್‌ನರ್ ಬಿಟ್. ಅಮೆರಿಕದ ಬೆಂಜಮಿನ್ ಫೋರ್ಸ್ಟ್‌ನರ್ 1874ರಲ್ಲಿ ಇದರ ಪೇಟೆಂಟ್ ಪಡೆದ. ನಡುವಿನ ಮೊನೆಗಿಂತ ಹೊರಗಿನ ವೃತ್ತಾಕಾರದ ಅಂಚೇ ಇದಕ್ಕೆ ದಾರಿ ತೋರಿಸುವುದರಿಂದ ಗುಳಿಯ ಬಾಯಿ ಚೊಕ್ಕವಾಗಿ ಬರುತ್ತದೆ. ಸಣ್ಣ ಕೆಲಸಕ್ಕೆ ಮೊನೆಯುಳ್ಳ ಬ್ರ್ಯಾಡ್ ಪಾಯಿಂಟ್ ಬಿಟ್ ಸಾಕು. ಸ್ಕ್ರೂವಿನ ದಾರಿ, ತಲೆ ಕೂರುವ ಜಾಗ, ಬಿರಡೆಯ ಗುಳಿ ಮೂರನ್ನೂ ಒಂದೇ ಸಲಕ್ಕೆ ಕೊರೆಯುವ ಜೋಡಿ ಬಿಟ್‌ಗಳೂ ಮಾರುಕಟ್ಟೆಯಲ್ಲಿವೆ.

ಅಳತೆಯ ಲೆಕ್ಕ ಸರಳ. ಪೀಠೋಪಕರಣಕ್ಕೆ ಹೆಚ್ಚಾಗಿ ಬಳಸುವ 8 ನಂಬರ್ ಸ್ಕ್ರೂವಿನ ಕಾಂಡ ಸುಮಾರು 4.2 ಮಿಲಿಮೀಟರ್, ತಲೆ ಸುಮಾರು 8.4 ಮಿಲಿಮೀಟರ್. ಅದಕ್ಕೆ 9.5 ಮಿಲಿಮೀಟರ್, ಅಂದರೆ ಮುಕ್ಕಾಲು ಅಂಗುಲದ ಅರ್ಧ, ಗುಳಿ ಸರಿಹೊಂದುತ್ತದೆ. 10 ನಂಬರ್ ಸ್ಕ್ರೂವಿಗೆ ಅರ್ಧ ಅಂಗುಲ ಬೇಕು. ಗುಳಿಯ ಆಳ ಕನಿಷ್ಠ 6 ಮಿಲಿಮೀಟರ್ ಇರಲಿ. ಅದಕ್ಕಿಂತ ತೆಳುವಾದ ಬಿರಡೆಗೆ ಅಂಟು ಹಿಡಿಯಲು ಗೋಡೆಯೇ ಸಿಗುವುದಿಲ್ಲ. ಇತ್ತ 18 ಮಿಲಿಮೀಟರ್ ಹಲಗೆಯಲ್ಲಿ ಅರ್ಧಕ್ಕಿಂತ ಆಳ ಹೋದರೆ ಸ್ಕ್ರೂ ತಲೆಯ ಕೆಳಗೆ ಹಿಡಿತಕ್ಕೆ ಮರ ಉಳಿಯದು.

ಬಿರಡೆ ತೆಗೆಯುವ ಪ್ಲಗ್ ಕಟರ್ ಎಂದರೆ ಟೊಳ್ಳಾದ ಬಿಟ್. ಅದು ಮರದಲ್ಲಿ ಉಂಗುರಾಕಾರದ ಕಾಲುವೆ ಕೊರೆದು ನಡುವಿನ ಕಂಬವನ್ನು ಹಾಗೇ ಬಿಡುತ್ತದೆ. ನಡುವೆ ಮೊನೆ ಇಲ್ಲದ ಕಾರಣ ಕೈಡ್ರಿಲ್ಲಿನಲ್ಲಿ ಹಿಡಿದರೆ ಹಲಗೆಯ ಮೇಲೆ ಜಾರಿ ಓಡುತ್ತದೆ. ಆದ್ದರಿಂದ ಇದನ್ನು ನಿಲುವು ಡ್ರಿಲ್ ಯಂತ್ರದಲ್ಲಿ ಬಳಸುವುದೇ ವಾಡಿಕೆ. ಕಟರ್‌ಗಳಲ್ಲಿ ಎರಡು ಜಾತಿ. ಒಂದು ನೇರ ಗೋಡೆಯ ಬಿರಡೆ ಕೊಡುತ್ತದೆ. ಇನ್ನೊಂದರಲ್ಲಿ ಬಿರಡೆ ಒಂದು ತುದಿಗೆ ತುಸು ಕಿರಿದಾಗಿರುತ್ತದೆ. ಆ ಕಿರಿಯ ತುದಿಯನ್ನು ಗುಳಿಗೆ ಇಳಿಸಿ ಬಡಿದಾಗ ಅಗಲವಾದ ಭಾಗ ಗುಳಿಯ ಬಾಯಿಯನ್ನು ಒತ್ತಿ ಹಿಡಿದು ಸಂದನ್ನು ಮುಚ್ಚುತ್ತದೆ. ಪೀಠೋಪಕರಣ ಮಾಡುವವರು ಈ ಎರಡನೆಯದನ್ನೇ ಮೆಚ್ಚುತ್ತಾರೆ.

ಕೊರೆದ ಬಿರಡೆಗಳನ್ನು ಹಲಗೆಯಿಂದ ಬಿಡಿಸುವುದಕ್ಕೂ ಉಪಾಯಗಳಿವೆ. ನಾಲ್ಕಾರು ಬೇಕಿದ್ದರೆ ಸ್ಕ್ರೂಡ್ರೈವರನ್ನು ಕಾಲುವೆಗೆ ತೂರಿಸಿ ಮೀಟಿದರೆ ಬುಡ ಮುರಿದು ಹೊರಬರುತ್ತವೆ. ನೂರಾರು ಬೇಕಿದ್ದರೆ ಹಲಗೆಯ ಮುಖಕ್ಕೆ ಅಂಟುಪಟ್ಟಿ ಹಚ್ಚಿ, ಬ್ಯಾಂಡ್ ಸಾ ಯಂತ್ರದಲ್ಲಿ ಬಿರಡೆಗಳ ಬುಡಕ್ಕೆ ಸರಿಯಾಗಿ ಹಲಗೆಯನ್ನು ಸೀಳುತ್ತಾರೆ. ಬಿರಡೆಗಳು ಚೆಲ್ಲಾಪಿಲ್ಲಿಯಾಗದೆ ಪಟ್ಟಿಗೆ ಅಂಟಿಕೊಂಡು ಸಾಲಾಗಿ ಉಳಿಯುತ್ತವೆ.

ಕೂರಿಸುವ ಕ್ರಮ

ತೇಗದ ಬೆಂಚೊಂದರ ಕೂರುಹಲಗೆಗೆ ಬಿರಡೆ ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಹಂತಗಳು ಹೀಗೆ ಸಾಗುತ್ತವೆ. ಮೊದಲು ಬಿರಡೆ ಗುಳಿ, ಆಮೇಲೆ ಅದರ ನಡುವೆ ಸ್ಕ್ರೂವಿನ ಸಣ್ಣ ತೂತು. ಕ್ರಮ ತಿರುಗಿಸಿದರೆ ದೊಡ್ಡ ಬಿಟ್‌ನ ಮೊನೆಗೆ ನಿಲ್ಲಲು ಮರವಿಲ್ಲದೆ ಗುಳಿ ವಾಲುತ್ತದೆ. ಹಿತ್ತಾಳೆ ಸ್ಕ್ರೂ ಹಾಕುವುದಿದ್ದರೆ ಅನುಭವಿ ಬಡಗಿ ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ತಿರುಗಿಸಿ ದಾರಿ ಮಾಡಿಕೊಂಡು, ಅದನ್ನು ತೆಗೆದು, ಮೇಣ ಸವರಿದ ಹಿತ್ತಾಳೆಯದನ್ನು ಇಳಿಸುತ್ತಾನೆ. ಗಟ್ಟಿ ಮರದಲ್ಲಿ ಮೆತ್ತನೆಯ ಹಿತ್ತಾಳೆಯ ಕತ್ತು ಮುರಿಯುವುದನ್ನು ತಪ್ಪಿಸಲು ಈ ಜಾಗ್ರತೆ. ಬಿರಡೆ ಹಾಕುವ ಮುನ್ನ ಬೆಂಚನ್ನು ನಾಲ್ಕೂ ಕಡೆ ಅಲುಗಿಸಿ ನೋಡಬೇಕು. ಮುಚ್ಚಿದ ಮೇಲೆ ಸಡಿಲ ಸ್ಕ್ರೂ ಬಿಗಿ ಮಾಡಲು ದಾರಿಯಿಲ್ಲ.

ತೇಗ ಮತ್ತು ಬೀಟೆಯಲ್ಲಿ ಸಹಜವಾಗಿ ಎಣ್ಣೆಯ ಅಂಶವಿದೆ. ಅಂಟು ಹಿಡಿಯಲೆಂದು ಗುಳಿಯನ್ನೂ ಬಿರಡೆಯನ್ನೂ ಅಸಿಟೋನ್ ತೋಯಿಸಿದ ಬಟ್ಟೆಯಿಂದ ಒರೆಸುವ ಪದ್ಧತಿ ಇದೆ. ಅಂಟನ್ನು ಗುಳಿಯ ಗೋಡೆಗೆ ತೆಳ್ಳಗೆ ಸವರಿದರೆ ಸಾಕು. ತಳದಲ್ಲಿ ಅಂಟಿನ ಕೆರೆ ನಿಂತರೆ ಬಿರಡೆ ಬಡಿದಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬಿರಡೆಯನ್ನೇ ಮೇಲಕ್ಕೆ ತಳ್ಳುತ್ತದೆ. ಎಳೆ ಹೊಂದಿಸಿ, ಕೊಡತಿಯಿಂದ ಹಗುರಾಗಿ ಎರಡು ಮೂರು ಏಟು. ಸದ್ದು ಟೊಳ್ಳಿನಿಂದ ಗಟ್ಟಿಗೆ ತಿರುಗಿದಾಗ ನಿಲ್ಲಿಸಬೇಕು. ಅದಕ್ಕೂ ಮೇಲೆ ಹೊಡೆದರೆ ಬಿರಡೆ ಸೀಳುತ್ತದೆ.

ಬಳಿಕ ಕಾಯುವ ಕೆಲಸ. ನೀರು ಬೆರೆತ ಬಿಳಿ ಅಂಟು ಬಿರಡೆಯನ್ನೂ ಗುಳಿಯ ಸುತ್ತಲಿನ ಮರವನ್ನೂ ತಾತ್ಕಾಲಿಕವಾಗಿ ಉಬ್ಬಿಸುತ್ತದೆ. ಆ ಉಬ್ಬು ಇಳಿಯುವ ಮೊದಲೇ ಉಜ್ಜಿ ಮಟ್ಟ ಮಾಡಿದರೆ, ಪೂರ್ತಿ ಒಣಗಿದ ಮೇಲೆ ಆ ಜಾಗ ತಗ್ಗಿ, ಪಾಲಿಶ್ ಹೊಳಪಿನಲ್ಲಿ ಸಣ್ಣ ಬಟ್ಟಲಿನ ನೆರಳು ಕಾಣುತ್ತದೆ. ಒಂದು ರಾತ್ರಿ ಬಿಟ್ಟು ಮರುದಿನ ಕತ್ತರಿಸುವುದು ಕ್ಷೇಮ.

ಕತ್ತರಿಸುವ ಹೊತ್ತು ಅತ್ಯಂತ ನಾಜೂಕಿನದು. ಬಿರಡೆಯನ್ನು ಒಂದೇ ಏಟಿಗೆ ಹಲಗೆಯ ಮಟ್ಟದಲ್ಲಿ ಉಳಿಯಿಂದ ಹಾರಿಸಹೋದರೆ ಸೀಳು ಎಳೆಯ ಗುಂಟ ಕೆಳಗೆ ಧುಮುಕಿ ಗುಳಿಯೊಳಗೆ ಹೋಗುತ್ತದೆ. ಮತ್ತೆ ಕೊರೆದು ಹೊಸ ಬಿರಡೆ ಹಾಕುವುದೇ ಗತಿ. ಅದಕ್ಕೆ ಬಡಗಿಗಳು ಮೊದಲು ಮಟ್ಟದಿಂದ ಎರಡು ಮೂರು ಮಿಲಿಮೀಟರ್ ಮೇಲೆ ಒಂದು ಪದರ ತೆಗೆದು ನೋಡುತ್ತಾರೆ. ಸೀಳು ಮೇಲಕ್ಕೆ ಏರಿದರೆ ಆ ದಿಕ್ಕು ಸುರಕ್ಷಿತ. ಕೆಳಕ್ಕೆ ಇಳಿದರೆ ಉಳಿಯನ್ನು ಎದುರು ದಿಕ್ಕಿನಿಂದ ಹಿಡಿಯಬೇಕು. ಹಲ್ಲುಗಳನ್ನು ಆಚೀಚೆ ಬಾಗಿಸದ ತೆಳು ಗರಗಸವನ್ನು ಹಲಗೆಗೆ ಒತ್ತಿ ಹಿಡಿದು ಕೊಯ್ಯುವುದು ಇನ್ನೊಂದು ವಿಧಾನ. ಹಲಗೆಗೆ ಗೀರು ಬೀಳದಂತೆ ನಡುವೆ ತೂತು ಮಾಡಿದ ರಟ್ಟನ್ನು ಬಿರಡೆಯ ಸುತ್ತ ಇಡುವುದುಂಟು. ಉಳಿದುದನ್ನು ಹರಿತವಾದ ಕೀಸುಳಿ ತೆಗೆಯುತ್ತದೆ. ಉಪ್ಪುಕಾಗದ ಕೊನೆಗೆ ಮಾತ್ರ, ಅದೂ ಮರದ ತುಂಡಿಗೆ ಸುತ್ತಿ. ಬರಿಯ ಬೆರಳಲ್ಲಿ ಉಜ್ಜಿದರೆ ಮೆತ್ತನೆಯ ಭಾಗ ಬೇಗ ಸವೆದು ಮಟ್ಟ ಏರುಪೇರಾಗುತ್ತದೆ.

ಡೆಕ್ಕಿನ ಮೇಲೆ

ಬಿರಡೆಯ ನಿಜವಾದ ಪರೀಕ್ಷೆ ಕಡಲಿನಲ್ಲಿ. ತೇಗದ ಡೆಕ್ಕು ಹಾಕಿದ ಹಡಗಿನಲ್ಲಿ ಬಿರಡೆಗಳ ಸಂಖ್ಯೆ ಸಾವಿರಗಳಲ್ಲಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ 1945ರ ಸೆಪ್ಟೆಂಬರ್ 2ರಂದು ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಅಮೆರಿಕದ ಮಿಸ್ಸೌರಿ ಯುದ್ಧನೌಕೆಯ ತೇಗದ ಡೆಕ್ಕಿನ ಮೇಲೆ. ಈಗ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಸಂಗ್ರಹಾಲಯವಾಗಿರುವ ಆ ನೌಕೆಯಲ್ಲಿ ಮರದ ಹಲಗೆಗಳನ್ನು ಉಕ್ಕಿನ ತಳಕ್ಕೆ ಬೆಸೆದ ಬೋಲ್ಟ್ ಮತ್ತು ನಟ್‌ಗಳು ಹಿಡಿದಿವೆ. ಅವುಗಳ ಗುಳಿಗಳನ್ನು ಮುಚ್ಚಿರುವುದು ತೇಗದ ಬಿರಡೆಗಳು.

ಹಡಗಿಗೆ ತೇಗ ಒಗ್ಗುತ್ತದೆಂಬುದು ಪಶ್ಚಿಮ ಘಟ್ಟದ ಕಾಡುಗಳಿಗೂ ಗೊತ್ತಿದ್ದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಂಬೆ ಹಡಗುಕಟ್ಟೆಗೆ ಮಲಬಾರ್ ಮತ್ತು ಕೆನರಾ ಕಾಡುಗಳ ತೇಗ ಸಾಗುತ್ತಿತ್ತು. ವಾಡಿಯಾ ಕುಟುಂಬದ ಕುಶಲಕರ್ಮಿಗಳು ಅಲ್ಲಿ ತೇಗದಲ್ಲೇ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ದೋಣಿ ಕಟ್ಟುವವರು ಬಿರಡೆಗೆ ಅಂಟು ಆರಿಸುವಾಗ ಪೀಠೋಪಕರಣದವರಂತೆ ಯೋಚಿಸುವುದಿಲ್ಲ. ಒಂದಲ್ಲ ಒಂದು ದಿನ ಹಲಗೆ ಬದಲಿಸಬೇಕಾಗುತ್ತದೆ, ಸ್ಕ್ರೂ ಹೊರಗೆ ಬರಲೇಬೇಕು. ಆದ್ದರಿಂದ ಅನೇಕರು ಬಿರಡೆಯನ್ನು ವಾರ್ನಿಶ್ ಇಲ್ಲವೇ ಅರಗಿನ ದ್ರಾವಣದಲ್ಲಿ ಅದ್ದಿ ಬಡಿಯುತ್ತಾರೆ. ನೀರು ತಡೆಯುವಷ್ಟು ಹಿಡಿತ, ಬೇಕೆಂದಾಗ ಬಿಡುವಷ್ಟು ಸಡಿಲ. ಎಪಾಕ್ಸಿ ಹಾಕಿದರೆ ಬಿರಡೆ ಗಟ್ಟಿಯಾಗಿ ಕೂರುತ್ತದೆ, ತೆಗೆಯುವಾಗ ಹಲಗೆಯನ್ನೂ ಗಾಯಗೊಳಿಸುತ್ತದೆ. ವಾರ್ನಿಶ್ ಬಿರಡೆ ತೆಗೆಯುವ ಉಪಾಯ ಸೊಗಸಾಗಿದೆ. ಬಿರಡೆಯ ನಡುವೆ ಸಣ್ಣ ತೂತು ಮಾಡಿ ಅದಕ್ಕೊಂದು ಸ್ಕ್ರೂ ತಿರುಗಿಸುತ್ತಾರೆ. ಅದರ ತುದಿ ಕೆಳಗಿನ ಹಳೆಯ ಸ್ಕ್ರೂವಿನ ತಲೆಗೆ ತಾಗಿ ಮುಂದೆ ಹೋಗಲಾಗದೆ ನಿಂತಾಗ, ಪ್ರತಿ ಸುತ್ತಿಗೂ ಬಿರಡೆಯೇ ಸುರುಳಿಯ ಮೇಲೆ ಹತ್ತಿ ಹೊರಬರುತ್ತದೆ.

ಡೆಕ್ಕನ್ನು ವರ್ಷಗಟ್ಟಲೆ ಉಜ್ಜಿ ತೊಳೆದಂತೆ ತೇಗ ಸವೆದು ಬಿರಡೆ ತೆಳುವಾಗುತ್ತದೆ, ಕೊನೆಗೆ ಬಿಲ್ಲೆಯಂತೆ ಎದ್ದು ಹೋಗುತ್ತದೆ. ಆಗ ಸ್ಕ್ರೂ ತೆಗೆದು, ಗುಳಿಯನ್ನು ಇನ್ನಷ್ಟು ಆಳ ಮಾಡಿ ಹೊಸದು ಹಾಕಬೇಕು. ಮರದ ಹಡಗಿನಲ್ಲಿ ಇದು ವಾಡಿಕೆಯ ದುರಸ್ತಿ. ಫೈಬರ್‌ಗ್ಲಾಸ್ ದೋಣಿಗಳಲ್ಲಿ ಇದೇ ತಲೆನೋವಾಯಿತು. 1970 ಮತ್ತು 80ರ ದಶಕಗಳಲ್ಲಿ ತೈವಾನಿನಲ್ಲಿ ಕಟ್ಟಿದ ಅನೇಕ ವಿಹಾರದೋಣಿಗಳ ಫೈಬರ್‌ಗ್ಲಾಸ್ ಡೆಕ್ಕಿನ ಮೇಲೆ ತೇಗದ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಬಿರಡೆ ಹೋದ ಕಡೆಯೆಲ್ಲ ಮಳೆನೀರು ಸ್ಕ್ರೂವಿನ ಗುಂಟ ಇಳಿದು ಡೆಕ್ಕಿನ ಒಳಪದರದ ಮರವನ್ನು ಕೊಳೆಸಿತು. ಇಂದಿನ ಕಾರ್ಖಾನೆಗಳು ತೇಗದ ಹಲಗೆಯನ್ನು ಸ್ಕ್ರೂ ಇಲ್ಲದೆ ಅಂಟಿನಲ್ಲೇ ಕೂರಿಸಲು ಇದು ಮುಖ್ಯ ಕಾರಣ.

ಮರೆಸುವ ಬದಲು ಮೆರೆಸಿದವರು

ಬಿರಡೆಯನ್ನು ಕಾಣದಂತೆ ಮಾಡುವುದು ಒಂದು ಪಂಥವಾದರೆ, ಕಣ್ಣಿಗೆ ಬೀಳುವಂತೆ ಮಾಡುವುದು ಇನ್ನೊಂದು. ಎರಡನೆಯದನ್ನು ಎತ್ತರಕ್ಕೆ ಒಯ್ದವರು ಕ್ಯಾಲಿಫೋರ್ನಿಯಾದ ವಾಸ್ತುಶಿಲ್ಪಿ ಸೋದರರಾದ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್. ಹುಡುಗರಾಗಿದ್ದಾಗ ಸೇಂಟ್ ಲೂಯಿಯ ಕೈಕಸುಬು ಶಾಲೆಯಲ್ಲಿ ಮರ, ಲೋಹಗಳ ಕೆಲಸ ಕಲಿತ ಇವರು 1893ರಲ್ಲಿ ಪಸಡೀನಾಕ್ಕೆ ಹೋಗುವ ದಾರಿಯಲ್ಲಿ ಶಿಕಾಗೋದ ವಿಶ್ವಮೇಳದಲ್ಲಿ ಜಪಾನೀ ಮರದ ಕಟ್ಟಡ ನೋಡಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕುಟುಂಬದ ಡೇವಿಡ್ ಗ್ಯಾಂಬಲ್ ಅವರಿಗಾಗಿ ಈ ಸೋದರರು 1908ರಲ್ಲಿ ರೂಪಿಸಿದ ಪಸಡೀನಾದ ಮನೆಯಲ್ಲಿ ಮೇಜು, ಕುರ್ಚಿಗಳ ಮೇಲೆಲ್ಲ ಕರಿಮರದ ಚೌಕ ಬಿರಡೆಗಳು ಎದ್ದು ಕಾಣುತ್ತವೆ. ಕೆಂಗಂದು ಮಹಾಗನಿಯ ಮೇಲೆ ಕಪ್ಪು ಚೌಕ. ಅವು ಹಲಗೆಯ ಮಟ್ಟಕ್ಕೆ ಕತ್ತರಿಸಿದವಲ್ಲ. ಒಂದೂವರೆ ಮಿಲಿಮೀಟರಿಗೂ ಕಡಿಮೆ ಮೇಲೆ ನಿಂತು, ಅಂಚು ಸವರಿ, ತಲೆ ಸಣ್ಣ ದಿಂಬಿನಂತೆ ಉಬ್ಬಿ, ನುಣ್ಣಗೆ ಹೊಳೆಯುತ್ತವೆ. ಒಂದೇ ಕುರ್ಚಿಯಲ್ಲಿ ಬಿರಡೆಗಳ ಗಾತ್ರ ಬೇರೆ ಬೇರೆ. ಸಾಲಾಗಿ ಒಂದೇ ಅಳತೆಯಲ್ಲಿ ಇಟ್ಟಿದ್ದರೆ ಯಂತ್ರದ ಕೆಲಸದಂತೆ ತೋರುತ್ತಿತ್ತು.

ಅನೇಕ ಕಡೆ ಆ ಚೌಕಗಳ ಕೆಳಗೆ ಸ್ಕ್ರೂಗಳಿವೆ. ಮೇಜಿನ ಹಲಗೆಯ ತುದಿಗೆ ಅಡ್ಡಪಟ್ಟಿ ಕೂಡಿಸುವಾಗ ಸ್ಕ್ರೂವಿನ ತೂತನ್ನು ಉದ್ದವಾಗಿ ಸೀಳಿ, ಹಲಗೆ ಉಬ್ಬಿ ಕುಗ್ಗಲು ಅವಕಾಶ ಬಿಟ್ಟು, ಮೇಲೆ ಕರಿಮರ ಮುಚ್ಚಿದ್ದಾರೆ. ಇನ್ನು ಕೆಲವು ಕೇವಲ ಅಲಂಕಾರಕ್ಕೆ. ಈ ಪೀಠೋಪಕರಣಗಳನ್ನು ಕಟ್ಟಿದವರು ಸ್ವೀಡನ್ ಮೂಲದ ಪೀಟರ್ ಮತ್ತು ಜಾನ್ ಹಾಲ್ ಸೋದರರು. ಮನೆ 1966ರಲ್ಲಿ ಪಸಡೀನಾ ನಗರದ ವಶಕ್ಕೆ ಬಂತು, ಈಗ ಸಾರ್ವಜನಿಕರು ನೋಡಬಹುದು. 1985ರ ಬ್ಯಾಕ್ ಟು ದ ಫ್ಯೂಚರ್ ಚಿತ್ರದಲ್ಲಿ ವಿಜ್ಞಾನಿಯ ಮನೆಯಾಗಿ ಕಾಣಿಸಿಕೊಳ್ಳುವುದು ಇದೇ.

ಮುಚ್ಚಳವನ್ನೇ ಆಭರಣ ಮಾಡುವ ಚಾಳಿ ಜಪಾನಿನಲ್ಲಿ ಇನ್ನೂ ಹಳೆಯದು. ಅಲ್ಲಿನ ಗಣ್ಯರ ಮನೆಗಳಲ್ಲಿ ತೊಲೆಗಳ ಮೊಳೆತಲೆಯ ಮೇಲೆ ಕುಗಿಕಕುಶಿ ಎಂಬ ಲೋಹದ ಮುಚ್ಚಳ ಕೂರಿಸುತ್ತಿದ್ದರು. ಕ್ಯೋಟೋದ ಕತ್ಸುರಾ ಅರಮನೆಯಲ್ಲಿ ಅವು ನರ್ಗೀಸ್ ಹೂವಿನ ರೂಪ ತಳೆದಿವೆ. ಸಂಗೀತವಾದ್ಯಗಳಲ್ಲೂ ಇಂತಹ ಮರೆಮಾಚಿಕೆ ಇದೆ. ಗಿಬ್ಸನ್ ಕಂಪನಿಯ ಹಳೆಯ ಅಕೌಸ್ಟಿಕ್ ಗಿಟಾರುಗಳ ತಂತಿ ಹಿಡಿಯುವ ಸೇತುವೆಯ ಮೇಲೆ ಕಾಣುವ ಮುತ್ತಿನಚಿಪ್ಪಿನ ಎರಡು ಚುಕ್ಕೆಗಳ ಕೆಳಗೆ ಬೋಲ್ಟುಗಳಿರುತ್ತವೆ.

ಬದಲಿ ದಾರಿಗಳು

ಎಲ್ಲ ಸ್ಕ್ರೂವಿಗೂ ಬಿರಡೆ ಬೇಕಿಲ್ಲ. ನಮ್ಮ ಊರುಗಳ ಕಾರ್ಖಾನೆಗಳಲ್ಲಿ ಇಂದು ಹೆಚ್ಚಿನ ಕೆಲಸ ಪ್ಲೈವುಡ್‌ನದು. ಸ್ಕ್ರೂವನ್ನು ತುಸು ಒಳಗಿಳಿಸಿ, ಪುಟ್ಟಿ ತುಂಬಿ, ಮೇಲೆ ಮೈಕಾ ಅಂಟಿಸಿದರೆ ಎಲ್ಲವೂ ಮುಚ್ಚಿಹೋಗುತ್ತದೆ. ಗಟ್ಟಿ ಮರದ ಕೆಲಸದಲ್ಲಿ ಅದೇ ಮರದ ಹೊಟ್ಟನ್ನು ಫೆವಿಕಾಲ್ ಜೊತೆ ಕಲಸಿ ತುಂಬುವ ರೂಢಿ ವ್ಯಾಪಕವಾಗಿದೆ. ಮೊಳೆಯ ಸಣ್ಣ ತೂತಿಗೆ ಅದು ಸರಿ. ಸ್ಕ್ರೂ ತಲೆಯಷ್ಟು ಅಗಲದ ಗುಳಿಗೆ ಹಾಕಿದರೆ ಒಣಗಿ ಕುಗ್ಗುತ್ತದೆ. ಅಂಟು ಬೆರೆತ ಹೊಟ್ಟು ಪಾಲಿಶ್ ಹೀರದೆ ಬೇರೆ ಬಣ್ಣಕ್ಕೆ ತಿರುಗುತ್ತದೆ.

ಅಮೆರಿಕದ ಕ್ರೆಗ್ ಕಂಪನಿ ಜನಪ್ರಿಯಗೊಳಿಸಿದ ಪಾಕೆಟ್ ಹೋಲ್ ವಿಧಾನದಲ್ಲಿ 15 ಡಿಗ್ರಿ ಓರೆಯಾಗಿ ಕೊರೆದ ಗುಳಿಯಲ್ಲಿ ಸ್ಕ್ರೂ ಹಾಕಿ, ಆ ಗುಳಿಗಳನ್ನು ಪೀಠೋಪಕರಣದ ಹಿಂದೆ ಅಥವಾ ಅಡಿಗೆ ಬರುವಂತೆ ಇಡುತ್ತಾರೆ. ಅಲ್ಲೂ ಕಾಣುವ ಕಡೆ ಬಂದರೆ ಓರೆತಲೆಯ ಬಿರಡೆಗಳು ಸಿಗುತ್ತವೆ. ಬಿಡಿಭಾಗಗಳಾಗಿ ಮನೆಗೆ ಬರುವ ಪೀಠೋಪಕರಣಗಳಲ್ಲಿ ತಿರುಗಿಸಿ ಬಿಗಿಮಾಡುವ ಮಿನಿಫಿಕ್ಸ್‌ಗಳ ಮೇಲೆ ಪ್ಲಾಸ್ಟಿಕ್ ಟೋಪಿ ಕೂರುತ್ತದೆ. ಹೊರಾಂಗಣದ ಕೃತಕ ಹಲಗೆಗಳಿಗೆ ಕಾರ್ಟೆಕ್ಸ್‌ನಂತಹ ಬ್ರ್ಯಾಂಡ್‌ಗಳಲ್ಲಿ ಅದೇ ಹಲಗೆಯಿಂದ ಕೊರೆದ ಬಿರಡೆಗಳನ್ನು ಸ್ಕ್ರೂ ಜೊತೆಗೇ ಮಾರುತ್ತಾರೆ.

ಗುಳಿ ತೋಡಿ, ಬೇರೆ ಮರದ ತುಂಡನ್ನು ಅದರಲ್ಲಿ ಕೂರಿಸಿ, ಮಟ್ಟ ಮಾಡುವ ಕೈಚಳಕ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಬೀಟೆಮರದ ಕೆತ್ತುಕೂರಿಕೆಯ ಕಸುಬು ಭೌಗೋಳಿಕ ಗುರುತು ಪಡೆದಿದೆ. ಅಲ್ಲಿ ಸ್ಕ್ರೂ ಮರೆಸುವ ಉದ್ದೇಶವಿಲ್ಲ, ಆದರೆ ಸಂದು ಬಿಡದಂತೆ ತುಂಡು ಹೊಂದಿಸುವ ಅದೇ ಶಿಸ್ತು ಇದೆ. ಯಾವ ಮರ ಎಷ್ಟು ಕುಗ್ಗುತ್ತದೆ, ಎಷ್ಟು ಒಣಗಿದರೆ ಬಳಸಬಹುದು ಎಂಬ ಅಧ್ಯಯನಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ.

ಎಲ್ಲಿ ಬೇಡ

ಆಗಾಗ ಬಿಚ್ಚಬೇಕಾದ ಭಾಗಗಳಿಗೆ ಬಿರಡೆ ಹಾಕಬಾರದು. ಮಂಚದ ಚೌಕಟ್ಟು, ಯಂತ್ರದ ಮುಚ್ಚಳ, ಒಳಗೆ ಕೊಳಾಯಿ ಅಥವಾ ವೈರು ಇರುವ ಫಲಕಗಳಿಗೆ ಚೆಂದದ ಹಿತ್ತಾಳೆ ಸ್ಕ್ರೂ ತಲೆ ಹೊರಗೇ ಇರುವುದು ವಾಸಿ. ಅಗಲ ಹಲಗೆಯನ್ನು ಅಡ್ಡಪಟ್ಟಿಗೆ ಬಿಗಿದು ಬಿರಡೆ ಹಾಕಿದ ಮಾತ್ರಕ್ಕೆ ಹಲಗೆ ಸೀಳುವುದು ತಪ್ಪುವುದಿಲ್ಲ. ಸ್ಕ್ರೂವಿಗೆ ಅಲುಗಲು ಜಾಗ ಬಿಡದ ತಪ್ಪನ್ನು ಬಿರಡೆ ಮುಚ್ಚುತ್ತದೆಯೇ ಹೊರತು ತಿದ್ದುವುದಿಲ್ಲ. ಹಲಗೆಯ ತುದಿಯಿಂದ ಒಂದು ಬಿರಡೆಯಗಲಕ್ಕಿಂತ ಹತ್ತಿರ ಗುಳಿ ಕೊರೆದರೆ ಬಡಿಯುವಾಗ ತುದಿ ಒಡೆಯುವ ಅಪಾಯವಿದೆ. ಬಣ್ಣ ಬಳಿಯುವ ಕೆಲಸದಲ್ಲಿ ಎಳೆ ಹೊಂದಿಸುವ ಶ್ರಮ ವ್ಯರ್ಥ. ಅಲ್ಲಿ ಒಳ್ಳೆಯ ಪುಟ್ಟಿ ಸಾಕು.

ಮರ ಕೊಳ್ಳುವಾಗ ಬಿರಡೆಯ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ಒಂದೇ ಜಾತಿಯ ತೇಗವಾದರೂ ಒಂದು ದಿಮ್ಮಿಯ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರೆ ಹಲಗೆಯ ಬಿರಡೆ ಇಂದು ಹೊಂದಿದಂತೆ ಕಂಡರೂ ಎರಡು ವರ್ಷದ ಬಿಸಿಲಿಗೆ ಬೇರೆ ಬಣ್ಣಕ್ಕೆ ತಿರುಗಬಹುದು. ಆದ್ದರಿಂದ ಪ್ರತಿ ಹಲಗೆಯ ಉಳಿಕೆ ತುಂಡಿಗೆ ಆ ಹಲಗೆಯ ಗುರುತು ಬರೆದು, ಕೊನೆಯ ಬಿರಡೆ ಕೂತು ಪಾಲಿಶ್ ಒಣಗುವವರೆಗೂ ಎತ್ತಿಡುವುದು ಒಳ್ಳೆಯದು. ದುರಸ್ತಿಗೆಂದು ಅದೇ ತುಂಡಿನಿಂದ ಕೊರೆದ ಹತ್ತಾರು ಬಿರಡೆಗಳನ್ನು ಪೀಠೋಪಕರಣದ ಒಡೆಯರ ಕೈಗೆ ಕೊಟ್ಟರೆ ಮುಂದೆ ಬರುವ ಬಡಗಿಗೂ ಅನುಕೂಲ.